ಕೊರತೆಯ ಮೇಲೆ ಒತ್ತು

ಜ್ವರದ ಚೀಟಿ ಕೊಟ್ಟು ಬೀಗರೂಟಕ್ಕೆ ಹೋಗುವವರು ಹೆಚ್ಚಾದರೆಂದು, ಏರ್‌ಪೋರ್ಟಿನ ಲಗೇಜು ಲೋಡರುಗಳ ಸೂಪರ್‌ವೈಸರ್ ಆಂಜಿನಪ್ಪ ಹೊಸ ಕಾನೂನು ಮಾಡಿದ್ದ. ರಜಾ ಬೇಕಾದವನು ಖುದ್ದಾಗಿ ಬಂದು, ಚೀಟಿಯಲ್ಲಿರುವ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಹೇಳಲು ಬಾರದ ಕಾಯಿಲೆ ಸುಳ್ಳು ಕಾಯಿಲೆ.

ಲೋಡರು ಸಾಸಲಿನ ಬೀರೇಶನಿಗೆ ಡೆಂಗಿ ಜ್ವರ ಬಿಟ್ಟಿತ್ತು, ಆದರೆ ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿದಿತ್ತು. ಭಾರ ಎತ್ತಿದರೆ ರಕ್ತ ಸೋರೀತು ಎಂದು ಹೆದರಿಸಿದ ಡಾಕ್ಟರು ಚೀಟಿಯಲ್ಲಿ ಬರೆದದ್ದು: ಥ್ರಾಂಬೊಸೈಟೊಪೀನಿಯಾ. ರಜಾ ಇಲ್ಲದೆ ಮನೆಯಲ್ಲಿ ಕೂತರೆ ಕೆಲಸ ಹೋಗುತ್ತಿತ್ತು. ಕೆಲಸಕ್ಕೆ ಹೋದರೆ ಜೀವ. ಹೇಳಲು ಹೊರಟಾಗಲೆಲ್ಲ ಅವನ ನಾಲಿಗೆ ಬೇಲಿಗೆ ಸಿಕ್ಕ ಪಂಚೆಯಂತೆ ‘ಸೈ’ಯಲ್ಲಿ ತಗಲಿಕೊಳ್ಳುತ್ತಿತ್ತು.

ಪಕ್ಕದ ಮನೆಯ ಹರ್ಷಿತ ಬಿ.ಎಸ್ಸಿ. ಓದುತ್ತಿದ್ದಳು. ಬೆಳಿಗ್ಗೆಯೇ ಬಂದು ಪದವನ್ನು ಕೋಳಿಯಂತೆ ತುಂಡು ಮಾಡಿದಳು. ಥ್ರಾಂಬೊ ಎಂದರೆ ಹೆಪ್ಪು, ಸೈಟೊ ಎಂದರೆ ಕಣ, ಪೀನಿಯಾ ಎಂದರೆ ಕೊರತೆ.

“‘ಪೀ’ ಮೇಲೆ ಒತ್ತು ಕೊಡು ಬೀರೇಶಣ್ಣ. ಮಿಕ್ಕಿದ್ದು ಹಗುರಕ್ಕೆ ಬಿಡು.”

“ಕೊರತೆ ಮೇಲೇನಾ ಒತ್ತು? ಅದು ನಂಗೆ ರೂಢಿ ಐತೆ ಬಿಡವ್ವ.”

ರೂಢಿಯಿದ್ದರೂ ಬರಲಿಲ್ಲ. ಜಗಲಿಯಿಂದ ಕೇಳುತ್ತಿದ್ದ ಕೋಲಾಟದ ಗುರು ಪಾಪಯ್ಯ, ತಾಳ ತಪ್ಪುತ್ತಿರುವುದನ್ನು ತಡೆಯಲಾರದೆ ಎದ್ದುಬಂದು ಅವನ ಕೈಗೆ ಕೋಲು ಕೊಟ್ಟರು.

“ನಾಕು ಪೆಟ್ಟು ಹೊಡಿ ಮಗ. ‘ಪೀ’ ಅನ್ನೋವಾಗ ಬಲಗಾಲು ಬಡಿ.”

ಬೀದಿಯವರೆಲ್ಲ ಸುತ್ತ ನಿಂತು ದನಿಗೂಡಿಸಿದರು. ನಡುನಡುವೆ ಯಾರೋ ಪರಂಗಿ ಎಲೆಯ ರಸ ಕುಡಿಸಿದರು. ಮಧ್ಯಾಹ್ನದ ಹೊತ್ತಿಗೆ ಪದ ಬಂತು. ಕಾಲು ಬಡಿಯದಿದ್ದರೆ ಮಾತ್ರ ಬರುತ್ತಿರಲಿಲ್ಲ.

ಬಸ್ಸು ಹಿಡಿದು ಹೋಗಿ, ಆಂಜಿನಪ್ಪನ ಮೇಜಿನ ಮುಂದೆ ನಿಂತು, ಬೀರೇಶ ಒಂದೇ ಉಸಿರಿಗೆ ಹೇಳಿದ. ‘ಪೀ’ಗೆ ಬಿದ್ದ ಹೆಜ್ಜೆಗೆ ಮೇಜಿನ ಮೇಲಿದ್ದ ಟೀ ತುಳುಕಿತು.

ಆಂಜಿನಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. “ಇಷ್ಟು ಉಸಿರೈತೆ, ಇಷ್ಟು ಕಾಲ್ಬಲ ಐತೆ. ಕಾಯಿಲೆ ಎಲ್ಲೈತಲಾ ನಿಂಗೆ? ನಿಜವಾದ ರೋಗಿಗೆ ಹಿಂಗೆಲ್ಲ ಹೇಳಾಕಾಯ್ತದಾ?”

ಕಾನೂನು ಅಲ್ಲೇ ತಿರುಗಿತು. ಹಿಂದೆ ನಿಂತಿದ್ದ ಇನ್ನೊಬ್ಬ ಲೋಡರು ಅದನ್ನು ಕೇಳಿಸಿಕೊಂಡ. ಹೆಂಡತಿಯ ಊರಿನ ಬಾಡೂಟಕ್ಕೆ ಹೊರಟಿದ್ದ ಅವನ ಚೀಟಿಯಲ್ಲಿ ಗ್ಯಾಸ್ಟ್ರೋಎಂಟರೈಟಿಸ್ ಎಂದಿತ್ತು. ಅವನು ‘ಗ್ಯಾ’ ಎಂದು ಗೋಡೆಗೆ ಒರಗಿದ. ಆಂಜಿನಪ್ಪ ತನ್ನ ಕುರ್ಚಿ ಕೊಟ್ಟು ಕೂರಿಸಿ, ಸುಧಾರಿಸಿಕೊಂಡು ಬಾ ಎಂದು ವಾರದ ರಜಾ ಕೊಟ್ಟ. ಅವನ ಪಾಲಿನ ಲಗೇಜನ್ನೂ ಬೀರೇಶನೇ ಎತ್ತಬೇಕೆಂದ.

ಬೀರೇಶ ಪಕ್ಕದಲ್ಲೇ ನಿಂತಿದ್ದ ಲಗೇಜು ಗಾಡಿಯತ್ತ ಬಗ್ಗಿ ಮೊದಲ ಸೂಟ್‌ಕೇಸಿಗೆ ಕೈ ಹಾಕಿದ. ಅವನ ಮೂಗಿನಿಂದ ಒಂದು ಹನಿ ರಕ್ತ ಅದರ ಮೇಲೆ ಬಿತ್ತು.

ಆಂಜಿನಪ್ಪ ನೋಡಿದ. “ಪ್ಯಾಸೆಂಜರ್ ಲಗೇಜು ಕಣಲಾ,” ಎಂದ. “ಒರೆಸ್ಬಿಟ್ಟು ಎತ್ತು.”