ಶಟರ್ ಎಳೆದರೆ ರಜೆ

ವಾರದ ರಜೆಯ ಕಾಯ್ದೆ ಬರೆದವರು ಒಂದು ವಾರ ಚಳ್ಳಕೆರೆಯ ನಮ್ಮ ಕಾರು ಶೋರೂಮಿನಲ್ಲಿ ದುಡಿದಿದ್ದರೆ ಪೆನ್ನು ಮುಚ್ಚಿ ಮನೆಗೆ ಹೋಗುತ್ತಿದ್ದರು. ತೊಂಬತ್ತರ ದಶಕದಲ್ಲಿ ನಾನಲ್ಲಿ ಗುಮಾಸ್ತ. ಹೆಂಡತಿ, ಮಗಳು ಮೊಳಕಾಲ್ಮೂರಿನಲ್ಲಿ. ವಾರಕ್ಕೊಂದು ದಿನ ಅವರ ಮುಖ ನೋಡಬೇಕು, ನನ್ನ ಆಸೆ ಅಷ್ಟೇ. ಅದಕ್ಕೂ ಕಲ್ಲು ಬೀಳುತ್ತಲೇ ಇತ್ತು.

ಅಮಾವಾಸ್ಯೆ

"ವಾರಕ್ಕೊಂದು ರಜೆ ಕೊಡಬೇಕಂತ ಕಾಯ್ದೆ ಐತಂತೆ ಸಾಹುಕಾರ್ರೇ," ಅಂದೆ ಶೋರೂಮಿನ ಮಾಲೀಕರಿಗೆ.

"ಅಮಾಸೆ ದಿನ ಯಾರೂ ಗಾಡಿ ತಗಳಲ್ಲ. ಅವತ್ತು ಊರಿಗೆ ಹೋಗಿ ಬಾರ್ಲೇ," ಅಂದರು.

ನಿಜ, ಅಮಾವಾಸ್ಯೆಗೆ ಗಾಡಿ ಕೊಳ್ಳುವವರು ಬರಲಿಲ್ಲ. ಆದರೆ ಹಿಂದೆ ಕೊಂಡವರೆಲ್ಲ ಗಾಡಿ ತೊಳೆಸಿ ಪೂಜೆ ಮಾಡಿಸಲು ಸಾಲುಗಟ್ಟಿದರು. ಹೊರಟು ನಿಂತಿದ್ದ ನನ್ನ ಕೈಗೆ ಸಾಹುಕಾರರು ಬೂದುಗುಂಬಳಕಾಯಿ ಕೊಟ್ಟರು. "ಇದೊಂದು ಒಡೆದು ಹೋಗು."

ಅಂಥ 'ಇದೊಂದು'ಗಳೆಲ್ಲ ಮುಗಿಯುವಷ್ಟರಲ್ಲಿ ಕೊನೆಯ ಬಸ್ಸು ಹೋಗಿತ್ತು.

ನೆಂಟರು

ಕೆಲಸಗಾರರಿಗೆ ರಜೆ ಕೊಡುತ್ತಿಲ್ಲ ಎಂದು ಯಾರೋ ದೂರು ಕೊಟ್ಟಿದ್ದಕ್ಕೆ ಲೇಬರ್ ಇನ್ಸ್‌ಪೆಕ್ಟರು ಬಂದರು. "ಇಲ್ಲಿ ಕೆಲಸಗಾರರು ಎಷ್ಟು ಜನ?"

"ಕೆಲಸಗಾರರು ಎಲ್ಲಿ ಸಾರ್? ಎಲ್ಲಾ ನೆಂಟ್ರೇ. ಇವನು ನಮ್ಮ ಅಕ್ಕನ ಮಗ," ಎಂದು ಸಾಹುಕಾರರು ನನ್ನ ಹೆಗಲ ಮೇಲೆ ಕೈ ಹಾಕಿದರು. ಗಾಡಿ ರಿಪೇರಿ ಮಾಡುವ ಮಿಸ್ತ್ರಿಯನ್ನು ತೋರಿಸಿ, "ಇವ್ರು ನಮ್ಮ ದೊಡ್ಡಪ್ಪನ ಮಗ," ಅಂದರು.

ಅಷ್ಟರಲ್ಲಿ ಮಿಸ್ತ್ರಿ ಕೈ ತೊಳೆದು ಟೋಪಿ ಹಾಕಿಕೊಂಡು, "ಸೇಠ್, ಜುಮ್ಮಾ ನಮಾಜ್ ಮುಗಿಸ್ಕೊಂಡು ಬರ್ತೀನಿ," ಎಂದು ಹೊರಟ.

ಇನ್ಸ್‌ಪೆಕ್ಟರು ಆ ಟೋಪಿ ನೋಡಿದರು, ಸಾಹುಕಾರರ ಹಣೆಯ ವಿಭೂತಿ ನೋಡಿದರು.

"ಸ್ವಲ್ಪ ದೂರದ ಸಂಬಂಧ ಸಾರ್," ಅಂದರು ಸಾಹುಕಾರರು.

ಭಾನುವಾರ

ಇನ್ಸ್‌ಪೆಕ್ಟರು ಬಿಡಲಿಲ್ಲ. 'ಭಾನುವಾರ ರಜೆ' ಎಂಬ ಬೋರ್ಡು ತೂಗುಹಾಕಿಸಿಯೇ ಹೋದರು. ಅದೇ ಭಾನುವಾರ ಮಗಳ ಕಿವಿ ಚುಚ್ಚುವ ಶಾಸ್ತ್ರ. ನನಗೆ ಸ್ವರ್ಗ ಮೂರೇ ಗೇಣು.

ಭಾನುವಾರ ಬೆಳಿಗ್ಗೆ ಸಾಹುಕಾರರು, ಬಸ್ಸಿಗೆ ಹೊರಟಿದ್ದ ನನ್ನನ್ನೂ ಸೇರಿಸಿ, ಎಲ್ಲರನ್ನೂ ಒಳಗೆ ಕರೆದು ಶಟರ್ ಎಳೆದರು. "ಬಾಗಿಲು ಹಾಕೈತಲ್ಲ, ರಜೆ ಆದಂಗೇ. ಒಂದು ಡೆಲಿವರಿ ಐತೆ, ಗಾಡಿ ಒರೆಸ್ರಿ." ಆ ಕತ್ತಲೆಯಲ್ಲಿ, ಆ ಸೆಕೆಯಲ್ಲಿ ನನಗೆ ಅಳುವೇ ಬಂತು. ಅಲ್ಲಿ ಮಗಳು ಅಳುವ ಹೊತ್ತಿಗೆ ನಾನು ಇಲ್ಲಿ ಗಾಜು ಒರೆಸುತ್ತಿದ್ದೆ.

ಯಾರೋ ಶಟರ್ ಬಡಿದರು. ಸಂದಿಯಲ್ಲಿ ನೋಡಿದರೆ ಇನ್ಸ್‌ಪೆಕ್ಟರು! ದೇವರೇ ಬಂದ ಅಂದುಕೊಂಡು, ಸಾಹುಕಾರರು ತಡೆಯುವ ಮೊದಲೇ ಶಟರ್ ಎತ್ತಿದೆ.

ಇನ್ಸ್‌ಪೆಕ್ಟರು ಬಗ್ಗಿ ಒಳಗೆ ಬಂದರು. ಹಿಂದೆಯೇ ಹೂವು, ತೆಂಗಿನಕಾಯಿ ಹಿಡಿದ ಅವರ ಹೆಂಡತಿ. ನಾವು ಒರೆಸುತ್ತಿದ್ದ ಡೆಲಿವರಿ ಗಾಡಿ ಆ ಅಮ್ಮನ ಹೆಸರಿನದೇ.

"ಸಾರ್," ಒರೆಸುವ ಬಟ್ಟೆ ಹಿಡಿದೇ ಕೇಳಿದೆ, "ಇವತ್ತು ರಜೆ ಅಲ್ವಾ?"

"ಅದಕ್ಕೇ ಬಂದೆ ಕಣ್ರೀ," ಅಂದರು ಅವರು ನಗುತ್ತಾ. "ರಜೆ ದಿನ ಆದ್ರೆ ನಿಮಗೂ ಬಿಡುವಿರುತ್ತೆ."