ಹುಲ್ಲಿಗೊಂದು ಬೇಸಿಗೆ ಕಟಿಂಗ್

ಬೆಳಗ್ಗೆ ಎದ್ದ ಕೂಡಲೇ ಮಾವನ ತಲೆಯನ್ನು ಹಿಂದಿನಿಂದ ಒಮ್ಮೆ ಕಣ್ತುಂಬ ನೋಡುವುದು ಅಳಿಯ ಎಂದೂ ತಪ್ಪಿಸದ ನೇಮ. ದೇವರಿಗೆ ಕೈಮುಗಿಯುವುದೂ ಅದಾದ ಮೇಲೆಯೇ (ದೇವರು ಬೇಸರಿಸಿಕೊಂಡಂತಿಲ್ಲ). ಬೆಳ್ಳಿಯಂಥ ಒತ್ತಾದ ಕೂದಲು. ಆದರೆ ಒಂದು ಕಿವಿಯ ಹಿಂದೆ ಏರು, ಇನ್ನೊಂದರ ಹಿಂದೆ ಇಳಿಜಾರು. ರಸ್ತೆ ತಿರುವಿನ ಸಲೂನಿನವನ ಕೈಚಳಕ! ಸ್ವಂತ ಅಳಿಯನೇ ಸಲೂನು ಇಟ್ಟುಕೊಂಡು ಒಂದೇ ಮನೆಯಲ್ಲಿ ಉಂಡು ಮಲಗುತ್ತಿದ್ದರೂ ಮಾವ ತಲೆ ಕೊಡುತ್ತಿದ್ದುದು ಆ ಪರಕೀಯನಿಗೆ. ಅಳಿಯನ ಗಿರಾಕಿಗಳು ಮುಸಿಮುಸಿ ನಗುತ್ತಿದ್ದರು.

ಮಾವನ ಜೀವವಿದ್ದದ್ದು ಮನೆಯ ಮುಂದಿನ ಹುಲ್ಲುಹಾಸಿನಲ್ಲಿ. ಚಳಿಗಾಲದಲ್ಲಿ ಉದುರಿದೆಲೆಗಳನ್ನು ಕೈಯಿಂದಲೇ ಹೆಕ್ಕುವರು, ಮಳೆಗೆ ಮುಂಚೆ ಗೊಬ್ಬರ ಉಣಿಸುವರು. ಈ ಸಲ ಬೇಸಿಗೆ ಶುರುವಾಗುತ್ತಿದ್ದಂತೆ ದೊಡ್ಡ ಮಗಳ ಮನೆಗೆ ಹೊರಟವರು ಗೇಟಿನ ಬಳಿ ನಿಂತು, "ಅಳಿಯಂದ್ರೇ, ನಾನು ಬರೋವರೆಗೂ ಇದನ್ನ ಹಸಿರಾಗಿ ಇಟ್ಟಿರಿ. ಬಂದ್ಮೇಲೆ ನನ್ನ ತಲೆ ನಿಮ್ಮ ಕೈಗೆ" ಎಂದುಬಿಟ್ಟರು.

ಅಳಿಯನಿಗೆ ನಿದ್ದೆ ಹತ್ತಲಿಲ್ಲ. ಮರುದಿನವೇ ಹುಲ್ಲು ಕತ್ತರಿಸುವ ಯಂತ್ರ ಹಿಡಿದು ರಣರಂಗಕ್ಕೆ ಇಳಿದ.

"ರೀ! ಅಪ್ಪ ಬೇಸಿಗೇಲಿ ಅದನ್ನ ಇಷ್ಟು ಸಣ್ಣಗೆ ಕತ್ತರಿಸೋದೇ ಇಲ್ಲ. ಉದ್ದ ಇದ್ರೇನೇ ಬುಡಕ್ಕೆ ನೆರಳು ಅಂತಾರೆ" ಎಂದು ಹೆಂಡತಿ ಓಡಿ ಬಂದಳು.

"ಯಾರಿಗೆ ಹೇಳ್ತಿದೀಯ? ಸೆಕೆ ಶುರುವಾದ್ರೆ ನನ್ನ ಅಂಗಡಿ ಮುಂದೆ ಸಾಲು. ಎಲ್ಲರಿಗೂ ಸಣ್ಣಗೇ ಬೇಕು. ಹುಲ್ಲಿಗೆ ಮಾತ್ರ ಸೆಕೆ ಆಗಲ್ವಾ?"

"ಅದು ತಲೆ ಅಲ್ಲ ಕಣ್ರೀ!"

"ಬೆಳೆಯೋದೆಲ್ಲ ತಲೆನೇ."

ಸಂಜೆಯ ಹೊತ್ತಿಗೆ ಹುಲ್ಲುಹಾಸು ಸೈನ್ಯಕ್ಕೆ ಸೇರಲು ಸಿದ್ಧವಾಗಿತ್ತು. ಆಮೇಲೆ ಬಿಸಿಲು ತನ್ನ ಕೆಲಸ ಮಾಡಿತು. ಹಸಿರು ಹಳದಿಯಾಯಿತು, ಹಳದಿ ಕಂದುಬಣ್ಣಕ್ಕೆ ತಿರುಗಿತು. ಬುಡದಲ್ಲಿ ಒಣಕಸ ಕಂಡಾಗ ಅಳಿಯ "ತಲೆಹೊಟ್ಟು!" ಎಂದು ಕಿರುಚಿ, ಹಲ್ಲಿನ ಕೈಕುಂಟೆಯಿಂದ ಅದನ್ನೆಲ್ಲ ಬಾಚಿ ತೆಗೆದ. ಹುಲ್ಲು ಮಾತ್ರ ಮಿಸುಕಲಿಲ್ಲ. ಒಂದು ಮಳೆಯೂ ಬಂದು ಹೋಯಿತು. ಹತಾಶನಾದ ಅಳಿಯ ಅತ್ತ ತಿರುಗಿಯೂ ನೋಡಲಿಲ್ಲ.

ಅಷ್ಟರಲ್ಲಿ ಫೋನು: "ನಾಳೆ ಬರ್ತಿದೀನಿ."

ಅಳಿಯ ಅಂಗಡಿಗೆ ಓಡಿದ. ಕಾಲೇಜು ಹುಡುಗರ ತಲೆಗೆಂದು ತರಿಸಿ ಖರ್ಚಾಗದೆ ಉಳಿದಿದ್ದ ಹಸಿರು ಬಣ್ಣದ ಡಬ್ಬಿಗಳೆಲ್ಲ ಬಂದವು. ಬ್ರಷ್ಷು ಹಿಡಿದು, ಮಂಡಿಯೂರಿ, ಗೇಟಿನಿಂದ ಮೆಟ್ಟಿಲವರೆಗೆ ಎಳೆ ಎಳೆಯಾಗಿ ಬಳಿದ.

"ದೇವರೇ, ಇವರಿಗೆ ಬುದ್ಧಿ ಕೊಡು" ಎಂದಳು ಹೆಂಡತಿ.

"ಮೊದಲು ಇನ್ನೊಂದು ಬ್ರಷ್ ಕೊಡು" ಎಂದ ಅಳಿಯ.

ಮಾವ ಬಂದರು. ಗೇಟಿನಲ್ಲೇ ನಿಂತು "ಭಲೇ!" ಎಂದರು. ಅಳಿಯನ ಎದೆ ಉಬ್ಬಿತು. ಮಾವ ಬಗ್ಗಿ ಹುಲ್ಲನ್ನು ಸವರಿದರು. ಎದ್ದಾಗ ಅಂಗೈ ಗಿಳಿಹಸಿರು. ಎದೆ ಇಳಿಯಿತು. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮಾವ ಬೈಯಲಿಲ್ಲ. ಮತ್ತೆ ಕುಳಿತು, ಬಣ್ಣದ ಕಡ್ಡಿಗಳನ್ನು ಬೈತಲೆ ತೆಗೆದಂತೆ ಎರಡು ಕಡೆ ಸರಿಸಿ, "ಇಲ್ಲಿ ಬನ್ನಿ" ಎಂದರು.

ಅಳಿಯ ಬಗ್ಗಿ ನೋಡಿದ. ಸತ್ತ ಕಡ್ಡಿಗಳ ಬುಡದಲ್ಲಿ ಸೂಜಿಮೊನೆಯಷ್ಟು ಮೊಳಕೆಗಳು, ಒಂದರ ಪಕ್ಕ ಒಂದು, ಲೆಕ್ಕವಿಲ್ಲದಷ್ಟು. ಒಂದೊಂದರ ತುದಿಯಲ್ಲೂ ಒಂದು ಹನಿ. ಬ್ರಷ್ಷು ಅಲ್ಲಿಗೆ ತಲುಪಿರಲಿಲ್ಲ.

"ಈ ಹಸಿರು ನಿಮ್ಮ ಅಂಗಡೀದಲ್ಲ" ಎಂದರು ಮಾವ ಮೆಲ್ಲಗೆ. "ಸತ್ತಿರಲಿಲ್ಲ, ಮಲಗಿತ್ತು. ನೀವು ಕಸ ಬಾಚಿದ್ದಕ್ಕೆ ಮಳೆ ನೀರು ಬುಡಕ್ಕೆ ಇಳಿದಿದೆ."

ಅಳಿಯ ಅಲ್ಲೇ ಮಂಡಿಯೂರಿ ಕುಳಿತ. ಇಷ್ಟು ವರ್ಷ ಕತ್ತರಿಸಿದ್ದೇ ಕತ್ತರಿಸಿದ್ದು. ಒಂದು ಎಳೆ ಹೇಗೆ ಹುಟ್ಟುತ್ತದೆಂದು ಅವನು ನೋಡಿದ್ದು ಅದೇ ಮೊದಲು. ತಾನು ಬೋಳಿಸಿ, ಬಿಸಿಲಿಗೆ ಸುಡಿಸಿ, ಬಣ್ಣ ಮೆತ್ತಿ, ಮಾಡಬಾರದ್ದೆಲ್ಲ ಮಾಡಿದ್ದರೂ ಯಾರೋ ಕೆಳಗೆ ಸದ್ದಿಲ್ಲದೆ ಕೆಲಸ ನಡೆಸಿದ್ದರು. ಗೊತ್ತಿಲ್ಲದೆಯೇ ಅವನ ಕೈಗಳು ಮುಗಿದಿದ್ದವು.

ಮಾವ ಟೋಪಿ ತೆಗೆದರು. ಬೆಳ್ಳಿಯ ರಾಶಿ ಬಿಸಿಲಿಗೆ ಹೊಳೆಯಿತು. "ಹಸಿರು ಇದೆ ತಾನೇ? ಮಾತು ಅಂದ್ರೆ ಮಾತು. ನಡೀರಿ ಅಂಗಡಿಗೆ."

"ಹೋಗ್ರೀ!" ಎಂದು ಹೆಂಡತಿ ತಿವಿದಳು. "ಇದಕ್ಕೇ ತಾನೇ ಇಷ್ಟು ವರ್ಷ ಬಾಯಿ ಬಿಡ್ತಾ ಇದ್ದಿದ್ದು?"

ಅಳಿಯ ಆ ತಲೆಯನ್ನು ನೋಡಿದ. ಮುಗಿದ ಕೈಗಳನ್ನು ಬಿಡಿಸಲಿಲ್ಲ.

"ಬೇಡ ಮಾವ. ಈ ಹಸಿರು ನಾನು ಉಳಿಸಿದ್ದಲ್ಲ. ನೀವು ತಿರುವಿನ ಸಲೂನಿಗೇ ಹೋಗಿ ಬನ್ನಿ. ನಾನು ಇಲ್ಲಿ ಇನ್ನೊಂದು ಸ್ವಲ್ಪ ಹೊತ್ತು ಕೂತಿರ್ತೀನಿ."