ಕರೆಯಲಿಕ್ಕಾಗದ ಹೆಸರು

ಮಗು ಹುಟ್ಟಿದ ಮನೆಯಲ್ಲಿ ಹೆಸರಿನ ಗಲಾಟೆ ಒಂದಲ್ಲ ಒಂದು ಇದ್ದೇ ಇರುತ್ತದೆ. ಈಗಿನವರು ಹೆಸರು ಹುಡುಕಿ ಹುಡುಕಿ ಸುಸ್ತಾಗುದು. ನಮಗೆ ಹುಡುಕುವ ಕೆಲಸವೇ ಇರಲಿಲ್ಲ. ಸಿಕ್ಕಿದ ಹೆಸರನ್ನು ಬಾಯಲ್ಲಿ ಹೇಳುದು ಹೇಗೆ ಎಂಬುದೇ ನಮ್ಮ ಕಷ್ಟ.

೧. ಭಟ್ಟರು ಹೇಳಿದ ಪುಣ್ಯ

ನಾನು ಪೆರಾಬೆಗೆ ಸೊಸೆಯಾಗಿ ಬಂದ ಎರಡನೇ ವರ್ಷಕ್ಕೆ ಮಗ ಹುಟ್ಟಿದ. ಚೊಚ್ಚಲ ಗಂಡಿಗೆ ಅಜ್ಜನ ಹೆಸರು ಇಡುದು ಆ ಮನೆಯ ಕ್ರಮ. ಅಜ್ಜ ಅಂದರೆ ನನ್ನ ಮಾವ. ಹೆಸರು ಸುಬ್ರಾಯ. ಈಗ ಧೈರ್ಯದಲ್ಲಿ ಹೇಳುತ್ತಿದ್ದೇನೆ, ಆಗ ಹೇಳುವ ಹಾಗಿರಲಿಲ್ಲ. ಗಂಡನ ಹೆಸರೋ ಮಾವನ ಹೆಸರೋ ಹೆಂಗಸರ ಬಾಯಲ್ಲಿ ಬಂದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ್ದ ಕಾಲ. ಹೆತ್ತ ಮಗನನ್ನು ಹೆಸರು ಹಿಡಿದು ಕರೆಯುವ ಯೋಗ ನನಗುಂಟಾ ಇಲ್ಲವಾ ಎಂಬುದೇ ನನ್ನ ಚಿಂತೆ.

ಭಟ್ಟರು ಜಗಲಿಯಲ್ಲಿ ಕೂತು ಹೊಗಳಿದರು, "ಸಾಕ್ಷಾತ್ ಸುಬ್ರಹ್ಮಣ್ಯ ದೇವರ ಹೆಸರು! ದಿನಕ್ಕೆ ಹತ್ತು ಸಲ ಮಗುವನ್ನು ಕರೆದರೆ ಹತ್ತು ಸಲ ದೇವರನ್ನು ಕರೆದ ಪುಣ್ಯ."

ಒಳಗಿನಿಂದ ಅತ್ತೆ ಹೇಳಿದರು, "ಆ ಪುಣ್ಯ ನಮಗೆಲ್ಲಿಯದು ಭಟ್ರೇ? ನಾನು ಈ ದೇವರನ್ನು 'ಕೇಳಿತಾ' ಎಂದು ಕರೆದೇ ಮೂವತ್ತು ವರ್ಷ ಆಯಿತು."

೨. ಕಿವಿಯಲ್ಲಿ ಹೇಳುವವರು

ತೊಟ್ಟಿಲು ಹಾಕುವ ದಿನ ಹೆಂಗಸೊಬ್ಬರು ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ಅತ್ತೆಗೆ ಅದು ಗಂಡನ ಹೆಸರು. ನನಗೆ ಮಾವನದ್ದು. ಓರಗಿತ್ತಿಗೂ ಮಾವನದ್ದೇ. ಎಲ್ಲರೂ ತೊಟ್ಟಿಲ ಸುತ್ತ ನಿಂತು ಮುಖ ಮುಖ ನೋಡುದೇ ಆಯಿತು. ಮುಹೂರ್ತ ಮೀರುತ್ತಾ ಬಂತು.

ಕಡೆಗೆ ಅತ್ತೆಯ ಕಣ್ಣು ಪಕ್ಕದ ಮುಸ್ಲಿಂ ಮನೆಯ ಬ್ಯಾರ್ತಿ ಅಕ್ಕನ ಮೇಲೆ ಬಿತ್ತು. ಅವರು ಮಗುವಿಗೆ ಸಕ್ಕರೆ ಪೊಟ್ಟಣ ತಂದು ಬಾಗಿಲ ಹತ್ತಿರ ಕೂತಿದ್ದರು.

"ನಿನಗೆ ನಮ್ಮವರು ಗಂಡನೂ ಅಲ್ಲ, ಮಾವನೂ ಅಲ್ಲ. ನೀನು ಹೇಳು ಮಾರಾಯ್ತಿ!"

ಅಕ್ಕ ಎದ್ದು ಬಂದು, ಬಗ್ಗಿ, ಮೂರು ಸಲ ಚೆಂದ ಮಾಡಿ ಹೇಳಿದರು. ಮತ್ತೆ ನನ್ನನ್ನು ನೋಡಿ ಕೇಳಿದರು, "ಹೆಸರು ಇಟ್ಟಾಯಿತು. ನಾಳೆಯಿಂದ ಇವನನ್ನು ಊಟಕ್ಕೆ ಕರೆಯಲಿಕ್ಕೂ ನಾನೇ ಬರಬೇಕಾ?"

೩. ದಾಕು ಹಾಕುವವರು

ಸಿಡುಬು ಬಾರದ ಹಾಗೆ ಮಕ್ಕಳ ತೋಳಿಗೆ ಚುಚ್ಚಿ ದಾಕು ಹಾಕುವವರು ದೊಡ್ಡ ಪುಸ್ತಕ ಹಿಡಿದು ಬಂದರು. ಮನೆಯಲ್ಲಿ ನಾನೊಬ್ಬಳೇ.

"ಮಗುವಿನ ಹೆಸರು?"

"ಅವನ ಅಜ್ಜನದ್ದೇ."

"ಅಜ್ಜನ ಹೆಸರು ಎಂತ?"

"ಮಗುವಿನದ್ದೇ."

ಪೆನ್ನು ನಿಂತಿತು. "ಆಗಲಿ, ಮಗುವಿನ ಅಪ್ಪನ ಹೆಸರು ಹೇಳಿ."

ನಾನು ಸೆರಗು ಬಾಯಿಗೆ ಇಟ್ಟುಕೊಂಡು ಗೋಡೆ ನೋಡಿದೆ.

"ಬರೆದಾದರೂ ತೋರಿಸಿ ಅಮ್ಮ."

"ಬರೆಯಲಿಕ್ಕೆ ಬರುದಿಲ್ಲ."

ಅವರು ಪುಸ್ತಕ ಮುಚ್ಚಿ ಹಣೆ ಒರೆಸಿಕೊಂಡರು. "ಕಾಡಿನ ಹುಲಿಗೂ ಜನ ಒಂದು ಹೆಸರು ಇಡುತ್ತಾರೆ. ಈ ಮನೆಯ ಗಂಡಸರು ಎಂತ ಪಾಪ ಮಾಡಿದ್ದಾರೆ?"

೪. ಪುತ್ತೂರು ಸಂತೆಯಲ್ಲಿ

ಮನೆಯಲ್ಲಿ 'ಪುಟ್ಟ' ಎಂದು ಕರೆದು ನಾಲ್ಕು ವರ್ಷ ದಾಟಿಸಿದೆ. ಒಮ್ಮೆ ಮಾವನ ಜೊತೆ ಮಗನನ್ನೂ ಕರಕೊಂಡು ಪುತ್ತೂರು ಸಂತೆಗೆ ಹೋದೆ. ಮಾವ ಕ್ಷೌರಕ್ಕೆ ಹೋಗುತ್ತೇನೆ ಎಂದರು. ನಾನು ಮಡಕೆ ಬಡಿದು ಸ್ವರ ನೋಡಲಿಕ್ಕೆ ಮಗನ ಕೈ ಬಿಟ್ಟದ್ದೇ ಬಿಟ್ಟದ್ದು, ತಿರುಗಿದರೆ ಮಗ ಇಲ್ಲ!

"ಪುಟ್ಟಾ! ಪುಟ್ಟಾ!" ಎಂದು ಕೂಗಿದೆ. ಮೂರು ಮಕ್ಕಳೂ ಒಬ್ಬ ಮೀಸೆಯವನೂ ತಿರುಗಿದರು. ನನ್ನವನು ಮಾತ್ರ ಇಲ್ಲ. ಬಸ್ಸಿನ ಅಡಿಗೆ ಬಿದ್ದನೋ, ಯಾರಾದರೂ ಎತ್ತಿಕೊಂಡು ಹೋದರೋ! ಆಮೇಲೆ ನನಗೆ ಆಯುಷ್ಯವೂ ನೆನಪಾಗಲಿಲ್ಲ, ಮರ್ಯಾದೆಯೂ ನೆನಪಾಗಲಿಲ್ಲ.

"ಏ ಸುಬ್ರಾಯಾ! ಎಲ್ಲಿ ಹಾಳಾಗಿ ಹೋದೆಯೋ? ಸಿಕ್ಕಿದರೆ ಬೆನ್ನಿನ ಚರ್ಮ ಸುಲಿಯುತ್ತೇನೆ! ಬಾ ಇಲ್ಲಿ!"

ಸಂತೆಗೆ ಸಂತೆಯೇ ನನ್ನ ಕಡೆ ತಿರುಗಿತು. ಎದುರಿನ ಕ್ಷೌರದಂಗಡಿಯಿಂದ ಮಾವ ಓಡಿ ಬಂದರು. ಅರ್ಧ ಮುಖಕ್ಕೆ ಸಾಬೂನಿನ ನೊರೆ, ಕುತ್ತಿಗೆಗೆ ಬಟ್ಟೆ. ಕಂಕುಳಲ್ಲಿ ನನ್ನ ಮಗ, ಬೆಲ್ಲದ ಮಿಠಾಯಿ ಚೀಪುತ್ತಾ. ಹಿಂದಿನಿಂದ ಬಂದ ಅಜ್ಜ ಮೊಮ್ಮಗನನ್ನು ಎತ್ತಿಕೊಂಡು ಹೋದದ್ದು ನನಗೆ ಗೊತ್ತೇ ಆಗಿರಲಿಲ್ಲ.

ನಾನು ನಾಲಿಗೆ ಕಚ್ಚಿ ತಲೆ ತಗ್ಗಿಸಿದೆ. ಮಾವ ಕೈ ಮುಗಿದರು. "ಬಂದೆ ಮಗಳೇ, ಬಂದೆ. ಚರ್ಮ ಮಾತ್ರ ಸುಲಿಯಬೇಡ."

ಅಳುದೋ ನಗುದೋ ತಿಳಿಯದೆ ಮಗನನ್ನು ಎದೆಗೆ ಒತ್ತಿಕೊಂಡೆ.

ಮನೆಗೆ ಬಂದು ಅತ್ತೆಯ ಹತ್ತಿರ ತಪ್ಪು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಮಾವ ಎರಡು ಸಲ ಅನ್ನ ಹಾಕಿಸಿಕೊಂಡು, ಗಟ್ಟಿ ತೇಗಿ, ಮಲಗಿ ಗೊರಕೆ ಹೊಡೆದದ್ದನ್ನು ಸುಮ್ಮನೆ ನೋಡಿದರು. ಒಂದು ವಾರ ಹಾಗೇ ನೋಡಿದರು. ಮಾವನಿಗೆ ಒಂದು ಸೀನು ಕೂಡ ಬರಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಅಂಗಳಕ್ಕೆ ಇಳಿದು, ಗುಡ್ಡೆಗೆ ಕೇಳುವ ಹಾಗೆ ಕೂಗಿದರು, "ಏ ಸುಬ್ರಾಯಾ! ಸೋಮಾರಿ! ಒಂದು ಹೊರೆ ಸೌದೆ ತರಲಿಕ್ಕೆ ನಿನಗೆ ಎಷ್ಟು ಹೊತ್ತು?"

ಮಾವ ಸೌದೆ ಬಿಸಾಡಿ ಓಡಿ ಬಂದರು. "ಎಂತದು? ಯಾರನ್ನು ಕರೆದದ್ದು ನೀನು?"

"ನಾನು ಮೊಮ್ಮಗನನ್ನು ಕರೆದದ್ದಪ್ಪ," ಎಂದರು ಅತ್ತೆ.

ಮೊಮ್ಮಗ ಅವರ ಸೊಂಟದಲ್ಲೇ ಇದ್ದ.